ರಂಜಕ ಐದೂವರೆಯೊಳಗೆ

ಜನವರಿ 6, ಸೋಮವಾರ

ಭಾವ ಈ ದಿನಚರಿ ತಂದುಕೊಟ್ಟರು. ಅವರ ಹೊಲಿಗೆ ಅಂಗಡಿಗೆ ದಾರ ಹಾಕುವವನು ಹೊಸ ವರ್ಷಕ್ಕೆಂದು ಹಂಚಿದ್ದಂತೆ. ಪ್ರತಿ ಪುಟದ ಮೇಲೂ ಒಂದು ದಾರದ ಉಂಡೆಯ ಚಿತ್ರ. "ಡಾಕ್ಟ್ರು ಹೇಳಿದ್ದನ್ನ ಬರ್ಕೊಳಮ್ಮ. ಇಲ್ಲಾಂದ್ರೆ ನಿಂಗೆ ಬೇಕಾದ್ದಷ್ಟೇ ನೆನಪಿರುತ್ತೆ" ಎಂದರು. ಮಾತು ನಿಜ. ಅದಕ್ಕೇ ಕೋಪ ಬಂತು.

ಸರಿ, ಬರೆದುಕೊಳ್ಳುತ್ತೇನೆ. ನನ್ನ ರಕ್ತದಲ್ಲಿ ರಂಜಕ ಎಂಟು ಪಾಯಿಂಟ್ ನಾಲ್ಕು. ಇರಬೇಕಾದ್ದು ಐದೂವರೆಯೊಳಗೆ. ಕಿಡ್ನಿಗಳು ಕೆಲಸ ಬಿಟ್ಟು ಎರಡು ವರ್ಷವಾಯಿತಲ್ಲ, ತಿಂದ ಅನ್ನದ ಜೊತೆ ಒಳಗೆ ಬಂದ ರಂಜಕಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ರಕ್ತದಲ್ಲೇ ಠಿಕಾಣಿ ಹೂಡುತ್ತದೆ, ಮೂಳೆಯಿಂದ ಸುಣ್ಣ ಕದಿಯುತ್ತದೆ, ಮೈಯೆಲ್ಲ ತುರಿಕೆ ಎಬ್ಬಿಸುತ್ತದೆ. ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರಕ್ಕೂ ಅದು ಅಷ್ಟಾಗಿ ಜಗ್ಗುವುದಿಲ್ಲವಂತೆ.

ಡಾಕ್ಟರ ಷರತ್ತು ಇಷ್ಟು. "ಸತತ ಎರಡು ತಿಂಗಳು ಐದೂವರೆಯೊಳಗೆ ತೋರ್ಸಿ, ನಿಮ್ಮಕ್ಕನ ಕಿಡ್ನಿ ಹಾಕೋಣ. ಇಲ್ಲಾಂದ್ರೆ ಮೊದಲು ಮೂಳೆಯ ಸುಣ್ಣ ಎಳೆಯೋ ಕತ್ತಿನ ಗ್ರಂಥಿ ಆಪರೇಷನ್ನು. ಅದಾದ್ಮೇಲೆ ಆರು ತಿಂಗಳು ಕಾಯ್ಬೇಕು."

ಆರು ತಿಂಗಳು ಕಾಯುವ ಹಾಗಿಲ್ಲ. ಅರವತ್ತು ತುಂಬಿದವರಿಂದ ಈ ಆಸ್ಪತ್ರೆ ಕಿಡ್ನಿ ತೆಗೆದುಕೊಳ್ಳುವುದಿಲ್ಲ. ಅಕ್ಕನಿಗೆ ಜೂನ್ ಎರಡಕ್ಕೆ ಅರವತ್ತು. ಭಾವನ ರಕ್ತ ನನಗೆ ಹೊಂದಲಿಲ್ಲ. ಕೊಡುವವರು ಬೇರೆ ಯಾರೂ ಇಲ್ಲ.

ಆಸ್ಪತ್ರೆಯಿಂದ ಹನ್ನೊಂದಕ್ಕೆ ನಿಘಂಟು ಕಚೇರಿಗೆ ಬಂದರೆ, ಸಂಪಾದಕರು ದೊಡ್ಡ ನಿಘಂಟಿಗಾಗಿ ನನಗೆ 'ರ' ಅಕ್ಷರದ ಚೀಟಿಗಳ ಕಟ್ಟು ಎತ್ತಿಟ್ಟಿದ್ದರು. ಬಿಚ್ಚಿದೆ. ಮೇಲಿನ ಚೀಟಿಯೇ 'ರಂಜಕ'. ಅರಸುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತಾರೆ. ನನಗೆ ಅರಸದ ಬಳ್ಳಿಯೂ ಬಂದು ತೊಡರುತ್ತದೆ.

ಜನವರಿ 10, ಶುಕ್ರವಾರ

ಬೆಳಗ್ಗೆ ಆರರಿಂದ ಹತ್ತು ಯಂತ್ರದ ಪಕ್ಕ. ಕೈಯಲ್ಲಿ ಎರಡು ಸೂಜಿ, ಎದುರಿನ ಗೋಡೆಯ ಮೇಲೆ ಹತ್ತು ನಿಮಿಷ ಹಿಂದಿರುವ ಗಡಿಯಾರ. ಆ ಹತ್ತು ನಿಮಿಷ ಯಾರಿಗೆ ಸೇರಬೇಕೋ ಗೊತ್ತಿಲ್ಲ.

ಕಚೇರಿಯಲ್ಲಿ ಸಂಪಾದಕರನ್ನು ಬಿಟ್ಟು ಯಾರಿಗೂ ನನ್ನ ಕಾಯಿಲೆ ಗೊತ್ತಿಲ್ಲ. ಸೋಮ, ಬುಧ, ಶುಕ್ರ ನಾನು ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ತಡಕುತ್ತೇನೆಂದು ಎಲ್ಲರ ನಂಬಿಕೆ. ಉದ್ದ ತೋಳಿನ ರವಿಕೆ ಉಳಿದದ್ದನ್ನು ಮುಚ್ಚುತ್ತದೆ. ಏನು ಬೇಕಾದರೂ ತಡೆದುಕೊಳ್ಳುತ್ತೇನೆ, "ಅಯ್ಯೋ ಪಾಪ" ಎನ್ನುವುದೊಂದನ್ನು ತಡೆದುಕೊಳ್ಳಲಾರೆ.

ಮಧ್ಯಾಹ್ನ ಉದ್ದ ಮೇಜಿನ ಸುತ್ತ ಐದು ಜನರೂ ಬುತ್ತಿ ಬಿಚ್ಚಿ ಕೂರುತ್ತೇವೆ. ನನ್ನ ಎದುರಿಗೆ ಅಲ್ಪವಿರಾಮ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುವ ಈ ಮಹಾನುಭಾವನಿಗೆ ಆ ಹೆಸರಿಟ್ಟವಳು ನಾನೇ. ರಂಜಕದ ಮಾತ್ರೆ ಸುಣ್ಣದ ಬಿಲ್ಲೆಯ ಹಾಗಿದೆ, ಊಟದ ನಡುವೆಯೇ ಕಟಕಟ ಅಗಿಯಬೇಕಂತೆ. ಇವರೆಲ್ಲರ ಮುಂದೆ ಅಗಿದರೆ ಆಯಿತಲ್ಲ ನನ್ನ ಕಥೆ. ಮೂರು ಗಂಟೆಗೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅಗಿಯುತ್ತೇನೆ. ರಾತ್ರಿಯದನ್ನು ಮಲಗುವಾಗ, ಉಳಿದ ಮಾತ್ರೆಗಳ ಜೊತೆ. ಹೊಟ್ಟೆಯೊಳಗೆ ಹೋದಮೇಲೆ ಅನ್ನವೂ ಮಾತ್ರೆಯೂ ತಾವೇ ಪರಿಚಯ ಮಾಡಿಕೊಳ್ಳುತ್ತವೆ ಬಿಡು.

ಜನವರಿ 14, ಮಂಗಳವಾರ

ಇವತ್ತು ನಿಜವಾಗಿಯೂ ಗ್ರಂಥಾಲಯಕ್ಕೆ ಹೋಗಿದ್ದೆ. ಹೋದದ್ದು ಒಳ್ಳೆಯದಾಯಿತು.

ಮುನ್ನೂರೈವತ್ತು ವರ್ಷಗಳ ಹಿಂದೆ ಒಬ್ಬ ರಸವಾದಿ ಚಿನ್ನ ಮಾಡಲು ಹೊರಟನಂತೆ. ಮೂತ್ರದ ಬಣ್ಣ ಹಳದಿ, ಚಿನ್ನದ ಬಣ್ಣವೂ ಹಳದಿ, ಅದರೊಳಗೆ ಇದು ಇರಲೇಬೇಕು ಎಂಬುದು ಅವನ ತರ್ಕ. ಕೊಪ್ಪರಿಗೆಗಟ್ಟಲೆ ಮೂತ್ರ ಕೂಡಿಟ್ಟು, ಕೊಳೆಸಿ, ಕಾಯಿಸಿ, ಬತ್ತಿಸಿ, ಕೊನೆಗೆ ಕೆಂಪಗೆ ಕಾದ ಪಾತ್ರೆಯಿಂದ ಮೇಣದಂಥ ಒಂದು ವಸ್ತು ಇಳಿಸಿದ. ಅದು ಕತ್ತಲಲ್ಲಿ ತಾನಾಗಿ ಹೊಳೆಯಿತು! ಅವನ ಹೆಂಡತಿ ಆ ವಾಸನೆಯಲ್ಲಿ ಹೇಗೆ ಬಾಳಿದಳೋ, ಅವಳ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ.

ಎಂಥ ಹಟ, ಎಂಥ ಹುಚ್ಚು! ನನಗೆ ಅವನ ಮೇಲೆ ಪ್ರೀತಿಯೇ ಬಂದುಬಿಟ್ಟಿತು. ಚಿನ್ನ ಸಿಗಲಿಲ್ಲ ಎಂದು ಅವನು ಅತ್ತಿರಬಹುದು. ಸಿಕ್ಕದ್ದು ಚಿನ್ನಕ್ಕಿಂತ ದೊಡ್ಡದು. ಅದಿಲ್ಲದೆ ಮೂಳೆಯಿಲ್ಲ, ಹಲ್ಲಿಲ್ಲ, ಬೀಜ ಮೊಳೆಯುವುದಿಲ್ಲ, ಪೈರು ತೆನೆ ಕಟ್ಟುವುದಿಲ್ಲ. ಒಬ್ಬೊಬ್ಬರ ಮೈಯಲ್ಲೂ ಹತ್ತಿರ ಹತ್ತಿರ ಮುಕ್ಕಾಲು ಕಿಲೋ ಇದೆಯಂತೆ. ಅದಕ್ಕೆ ಹೊರಗಿನವರು ಇಟ್ಟ ಹೆಸರು 'ಬೆಳಕು ಹೊತ್ತು ತರುವವನು'. ಬೆಳಗಿನ ಜಾವ ಸೂರ್ಯನಿಗಿಂತ ಮುಂಚೆ ಏಳುವ ಬೆಳ್ಳಿಯನ್ನೂ ಅವರು ಅದೇ ಹೆಸರಿನಿಂದ ಕರೆಯುತ್ತಿದ್ದರು. ನಮ್ಮವರಾದರೋ ಹಳೆಯ ತುಪಾಕಿಯ ಕಿವಿಯಲ್ಲಿ, ಅಂದರೆ ಬೆಂಕಿ ತಾಗಿಸುವ ತೂತಿನಲ್ಲಿ, ಇಡುವ ಮದ್ದಿಗೆ ರಂಜಕ ಎನ್ನುತ್ತಿದ್ದರು. ಆ ಹೆಸರೇ ಆಮೇಲೆ ಇದಕ್ಕೂ ಅಂಟಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂದು ನಗು ಬಂತು. ಅವನು ಕೊಪ್ಪರಿಗೆಯಿಂದ ಬೇರ್ಪಡಿಸಿ ತೆಗೆದದ್ದೇ ನನ್ನ ಮೈಯಿಂದ ಹೊರಗೆ ಹೋಗಲಾರದೆ ಕೂತಿರುವುದು. ಒಂದು ಕಾಲದಲ್ಲಾದರೆ ಅವನ ಕೊಪ್ಪರಿಗೆಗೆ ನಾನೂ ಒಂದು ಚೊಂಬು ಕೊಡಬಹುದಿತ್ತು, ಈಗ ಮೂತ್ರವೇ ಬರದ ನನ್ನಿಂದ ಅವನು ಅರ್ಧ ಲೋಟವನ್ನೂ ಕೂಡಿಡಲಾರ. ಪಕ್ಕದಲ್ಲಿ ಕೂತಿದ್ದವಳು ಜರುಗಿ ಕೂತಳು.

ಜನವರಿ 19, ಭಾನುವಾರ

ಮುಖಕ್ಕೆ ಮಂಗಳಾರತಿ ಆಯಿತು.

ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿ ನೀರಿಗೆ ಹಾಕುತ್ತಿದ್ದಳು. ಅವಳು ನಲವತ್ತೆರಡು ವರ್ಷದಿಂದ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಕೆಲಸ ಮಾಡುವವಳಲ್ಲವೇ, ಒಂದು ಪ್ರಯೋಗವಾಕ್ಯ ಸಿಕ್ಕೀತು ಎಂದು ನಮ್ಮ ಚಿಕ್ಕ ನಿಘಂಟನ್ನು ತೆರೆದು ಓದಿ ಹೇಳಿದೆ. ಹನ್ನೆರಡು ವರ್ಷದ ಹಿಂದೆ ನಾನೇ ಬರೆದ ಅರ್ಥ: "ರಂಜಕ: ಬೆಂಕಿಕಡ್ಡಿಯ ತಲೆಗೆ ಹಚ್ಚುವ, ಬೇಗ ಹೊತ್ತಿಕೊಳ್ಳುವ ವಸ್ತು."

ಅಕ್ಕ ಚಾಕು ಕೆಳಗಿಟ್ಟಳು. "ಏನಂದೆ? ಇನ್ನೊಂದ್ಸಲ ಓದು."

ಓದಿದೆ. ಅವಳು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ತಲೆಗಾ? ಕಡ್ಡಿ ತಲೆಗೆ ಅದನ್ನ ಹಾಕಿದ್ರೆ ನಾವ್ಯಾರೂ ಈ ನಲವತ್ತು ವರ್ಷ ಬದುಕ್ತಿರ್ಲಿಲ್ಲ ಕಣೇ! ಅದು ಪೊಟ್ಟಣದ ಪಕ್ಕಕ್ಕೆ ಬಳಿಯೋದು. ಉಜ್ತೀಯಲ್ಲ, ಆ ಕಂದು ಪಟ್ಟಿ. ಕೆಂಪು ಪುಡಿ, ಗಾಜಿನ ಪುಡಿ, ಅಂಟು. ತಲೆಗೆ ಬೇರೆ ಮದ್ದು. ತಲೆಮದ್ದು ಒಂದು ಕಡೆ, ಪಕ್ಕದ ಮದ್ದು ಒಂದು ಕಡೆ. ಎರಡೂ ಒಂದೇ ಬಕೆಟ್ಟಿಗೆ ಬಿದ್ರೆ ಬಕೆಟ್ಟೂ ಇರಲ್ಲ, ಹಿಡ್ಕೊಂಡೋಳೂ ಇರಲ್ಲ."

"ಮತ್ತೆ ಹಳೇ ಪುಸ್ತಕದಲ್ಲಿ ತಲೆಗೆ ಅಂತ ಇತ್ತಲ್ಲ" ಎಂದೆ, ಸೋಲೊಪ್ಪದೆ.

"ಅದು ಮುತ್ತಜ್ಜಿ ಕಾಲದ ಮಾತು. ಆಗ ಬಿಳೀದು ಹಾಕ್ತಿದ್ರಂತೆ. ಕೆಲಸಕ್ಕೆ ಹೋಗೋ ಹೆಂಗಸರ ದವಡೆನೇ ಕೊಳೆತು ಹೋಗ್ತಿತ್ತಂತೆ. ಅದನ್ನ ಯಾವತ್ತೋ ನಿಲ್ಸಿದ್ರು. ಪುಸ್ತಕಕ್ಕೆ ಯಾರೂ ಹೇಳಲಿಲ್ವೇನೋ ಪಾಪ."

ಪುಸ್ತಕಕ್ಕೆ "ಪಾಪ" ಎಂದಳು, ಸದ್ಯ ನನಗಲ್ಲ. ಹನ್ನೆರಡು ವರ್ಷ ಶಾಲೆಯ ಮಕ್ಕಳೆಲ್ಲ ನನ್ನ ತಪ್ಪನ್ನು ಬಾಯಿಪಾಠ ಮಾಡಿದ್ದಾರೆ, ಗೊತ್ತಿದ್ದವಳು ಗೋಡೆಯಾಚೆ ಮಲಗಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೂ ಅರ್ಥ ಬರೆದವಳು ನಾನೇ.

ಜನವರಿ 20

ತುರಿಕೆ. ನಿದ್ದೆಯಿಲ್ಲ. ಅಕ್ಕನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಫೆಬ್ರವರಿ 3, ಸೋಮವಾರ

ಎಂಟು ಪಾಯಿಂಟ್ ಒಂದು.

ಪಥ್ಯ ಹೇಳುವ ಹುಡುಗಿ ನನ್ನನ್ನು ಕಳ್ಳಿಯ ಹಾಗೆ ನೋಡಿದಳು. ಹಾಲು ಬಿಟ್ಟಿದ್ದೀರಾ? ಬಿಟ್ಟಿದ್ದೇನೆ. ಕಡಲೆಕಾಯಿ, ಬೀಜ, ತಂಪು ಪಾನೀಯ? ವಾಸನೆಯನ್ನೂ ನೋಡಿಲ್ಲ. ಮಾತ್ರೆ? ಮೂರು ಹೊತ್ತೂ ತೆಗೆದುಕೊಳ್ಳುತ್ತೇನೆ. ನಾನು ಹೇಳಿದ ಒಂದೊಂದು ಮಾತೂ ನಿಜ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈಚೀಲದ ಮೇಲೆ ಕೈ ಹೋಯಿತು.

"ಹಾಗಾದ್ರೆ ಎಲ್ಲಿಂದ ಬರ್ತಿದೆ?" ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಪೊಟ್ಟಣದಲ್ಲಿ ಬರುವ ತಿಂಡಿಗಳಲ್ಲಿ ಕೆಡದಿರಲೆಂದು ಹಾಕುವ ಪುಡಿಯಲ್ಲೂ ರಂಜಕವಿರುತ್ತದಂತೆ. ಅದರ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ನಾನು ತಂದು ಫ್ರಿಜ್ಜಿನ ಮೇಲೆ ಹಾಕಿದೆ.

ಫೆಬ್ರವರಿ 5, ಬುಧವಾರ

ಸಂಜೆ ಮೂಲೆಯ ದೊಡ್ಡ ಅಂಗಡಿಗೆ ಸೋಪು ತರಲು ಹೋದೆ. ಅಲ್ಲಿ ಅಕ್ಕ.

ಬಿಸ್ಕತ್ತಿನ ಸಾಲಿನ ಮುಂದೆ ನೆಲದ ಮೇಲೆ ಕೂತಿದ್ದಳು. ಕನ್ನಡಕ ಮೂಗಿನ ತುದಿಯಲ್ಲಿ, ಕೈಯಲ್ಲಿ ಆ ಚೀಟಿ. ಇಂಗ್ಲಿಷು ಓದಲು ಬಾರದ ಅಕ್ಕ ಒಂದೊಂದು ಪೊಟ್ಟಣವನ್ನೂ ತಿರುಗಿಸಿ, ಇರುವೆಯಂಥ ಅಕ್ಷರಗಳ ಮೇಲೆ ಬೆರಳು ಎಳೆಯುತ್ತ, ಚೀಟಿಯಲ್ಲಿದ್ದ ಆಕಾರಕ್ಕೆ ಹೋಲಿಸಿ ನೋಡುತ್ತಿದ್ದಳು. ಎಡಗಡೆ ಒಂದು ಗುಡ್ಡೆ, ಬಲಗಡೆ ಒಂದು ಗುಡ್ಡೆ. ಅಂಗಡಿಯವನು ತಲೆ ಕೆರೆದುಕೊಂಡು ನಿಂತಿದ್ದ.

"ಅಮ್ಮಾ, ಎಲ್ಲಾ ಮತ್ತೆ ಜೋಡಿಸ್ಬೇಕು ನಾನು."

"ಜೋಡಿಸ್ತೀನಿ ಇರಪ್ಪ. ಈ ಕಡೇವೆಲ್ಲ ಕಳ್ಳರು, ಈ ಕಡೇವು ಪರವಾಗಿಲ್ಲ."

ನಾನು ಕಂಬದ ಹಿಂದೆ ನಿಂತು ನೋಡಿದೆ. ಹದಿನೆಂಟು ವರ್ಷ ನಿಘಂಟು ಕಚೇರಿಯಲ್ಲಿದ್ದೇನೆ, ಅಕ್ಷರವನ್ನು ಇಷ್ಟು ಮರ್ಯಾದೆಯಿಂದ ಓದಿದವರನ್ನು ಕಂಡಿಲ್ಲ. ಹೋಗಿ ಮಾತಾಡಿಸಬೇಕಿತ್ತು. ಸೋಪನ್ನೂ ತೆಗೆದುಕೊಳ್ಳದೆ ಬಂದೆ.

ಫೆಬ್ರವರಿ 8, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಕಚೇರಿಗೆ ರಜ. ಪದಕ್ಕೆ ಅರ್ಥ ಬರೆಯುವ ಮೊದಲು ವಸ್ತುವನ್ನು ಕಣ್ಣಲ್ಲಿ ನೋಡಿಬಿಡೋಣ ಎಂದು ಅಕ್ಕನ ಜೊತೆ ಕಾರ್ಖಾನೆಗೆ ಹೋದೆ. ನಲವತ್ತೆರಡು ವರ್ಷದಲ್ಲಿ ಇದೇ ಮೊದಲು. ಅಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ "ಖಾಸಗಿ ಕಂಪನಿ" ಎನ್ನುತ್ತಿದ್ದೆ, ಇದನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಎರಡು ಉದ್ದನೆಯ ಶೆಡ್ಡು, ನಡುವೆ ಬಯಲು ಅಂಗಳ. ಎಡಗಡೆ ತಲೆಮದ್ದು, ಬಲಗಡೆ ಪಕ್ಕದ ಮದ್ದು. ಎಡಗಡೆಯವರಿಗೆ ನೀಲಿ ಅಂಗಿ, ಬಲಗಡೆಯವರಿಗೆ ಬೂದು. ಚಪ್ಪಲಿ ಬೇರೆ, ಬಕೆಟ್ಟು ಬೇರೆ, ಪೊರಕೆ ಕೂಡ ಬೇರೆ. ನೀಲಿಯವರು ಬೂದು ಕಡೆಗೆ ಹೋಗಬೇಕಾದರೆ ಕೈ ತೊಳೆದು, ಅಂಗಿ ಕಳಚಿ, ಚಪ್ಪಲಿ ಬಿಟ್ಟು ಹೋಗಬೇಕು. ಉಗುರಲ್ಲಿ ಸಿಕ್ಕಿಕೊಂಡಷ್ಟು ಅತ್ತಲದು ಇತ್ತ ಬಂದು ತಿಕ್ಕಿದರೆ ಸಾಕು, ಬೆರಳು ಹೋಗುತ್ತದೆ. ಈ ಅಂಗಳದ ಉಸ್ತುವಾರಿ ಅಕ್ಕನದು. ಎಲ್ಲರೂ ಅವಳನ್ನು ಗಡಿಯಮ್ಮ ಎನ್ನುತ್ತಾರೆ. ನನಗೆ ಗೊತ್ತೇ ಇರಲಿಲ್ಲ.

ನನ್ನ ಕಣ್ಣೆದುರಿಗೇ ಒಬ್ಬ ಹೊಸ ಮೇನೇಜರು ಬೂಟು ಹಾಕಿಕೊಂಡೇ ನೀಲಿಯಿಂದ ಬೂದಿನ ಕಡೆಗೆ ಹೊರಟ. ಅಕ್ಕ ಅಡ್ಡ ನಿಂತಳು. "ಸಾರ್, ಬೂಟು."

"ಅರ್ಜೆಂಟಿದೆ ಕಣಮ್ಮ."

"ಮದ್ದಿಗೆ ನಿಮಗಿಂತ ಅರ್ಜೆಂಟು ಜಾಸ್ತಿ ಸಾರ್. ಬಿಚ್ಚಿ."

ಬಿಚ್ಚಿದ. ಒಂದು ಕಾಲುಚೀಲಕ್ಕೆ ತೂತಿತ್ತು. ಯಾರೂ ನಗಲಿಲ್ಲ, ಗಡಿಯಮ್ಮನ ಮುಂದೆ ಹಾಗೆಲ್ಲ ನಗುವಂತಿಲ್ಲ. ನಲವತ್ತೆರಡು ವರ್ಷದಲ್ಲಿ ಈ ಅಂಗಳದಲ್ಲಿ ಒಂದು ಬೆರಳೂ ಹೋಗಿಲ್ಲವಂತೆ. ಬೂದು ಅಂಗಿಯ ಹೆಂಗಸೊಬ್ಬಳು ಇದನ್ನು ಹೇಳುವಾಗ ತನ್ನ ಹತ್ತೂ ಬೆರಳು ಬಿಡಿಸಿ ತೋರಿಸಿದಳು. ನಮ್ಮ ಕಚೇರಿಯಲ್ಲಿ ಯಾರ ಮಾತಿಗೂ ಇಷ್ಟು ತೂಕವಿಲ್ಲ, ಸಂಪಾದಕರದ್ದಕ್ಕೂ. ಇವಳು ನನ್ನಕ್ಕ ಎಂದು ಕೂಗಿ ಹೇಳಬೇಕೆನಿಸಿತು.

ಊಟಕ್ಕೆ ಎಂಟು ಹತ್ತು ಹೆಂಗಸರು ಮರದ ಕೆಳಗೆ ಕೂತೆವು. ನಾನೂ ಬುತ್ತಿ ಬಿಚ್ಚಿ ತಿಂದೆ.

"ಮಾತ್ರೆ ಎಲ್ಲಿ?" ಎಂದಳು ಅಕ್ಕ.

"ಆಮೇಲೆ ತಗೋತೀನಿ."

"ಆಮೇಲೆ ಅಂದ್ರೆ?"

"ಮೂರು ಗಂಟೆಗೆ. ದಿನಾ ಹಾಗೇ."

ಅಕ್ಕ ತುತ್ತು ಕೆಳಗಿಟ್ಟಳು. ಅವಳು ದಿನಾ ಖಾಲಿ ಮಾತ್ರೆ ಪಟ್ಟಿಗಳನ್ನು ಎಣಿಸಿ, ತಂಗಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳೆ ಎಂದು ನೆಮ್ಮದಿಯಾಗಿದ್ದವಳು. ಒಂದೊಂದೇ ಪ್ರಶ್ನೆ ಹಾಕಿ ಎಲ್ಲ ಹೊರಗೆ ತೆಗೆದಳು. ಬಚ್ಚಲು, ನಲ್ಲಿ, ರಾತ್ರಿ ಮಲಗುವಾಗಿನದು, ಎಲ್ಲ. ನಾನು ಗಟ್ಟಿ ದನಿಯಲ್ಲಿ "ಒಳಗೆ ಹೋದ್ಮೇಲೆ ಯಾವಾಗ ಸೇರಿದ್ರೇನು?" ಎಂದೆ.

"ಕಡ್ಡಿ ಬೆಳಿಗ್ಗೆ ಗೀರಿ ಪೊಟ್ಟಣ ಸಾಯಂಕಾಲ ತಂದ್ರೆ ಹತ್ತುತ್ತೇನೇ? ಅನ್ನದಲ್ಲಿರೋದನ್ನ ಅದು ಅಲ್ಲೇ ಹಿಡೀಬೇಕು. ಅನ್ನ ದಾಟಿ ಹೋದ್ಮೇಲೆ ಯಾರನ್ನ ಹಿಡಿಯುತ್ತೆ, ನಿನ್ನ ಕರುಳನ್ನಾ? ಎರಡು ಮದ್ದು ಸೇರಬಾರದು ಅಂತ ನಾನು ದಿನವಿಡೀ ಇಲ್ಲಿ ನಿಂತಿರ್ತೀನಿ. ಸೇರಲೇಬೇಕಾದ ಎರಡನ್ನ ನೀನು ಬೇರೆ ಬೇರೆ ಇಟ್ಟಿದೀಯಾ. ಯಾಕೆ? ಯಾರಿಗೋ ಗೊತ್ತಾಗುತ್ತೆ ಅಂತ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ!"

ಎಲ್ಲರೂ ಕೇಳಿಸಿಕೊಂಡರು. ನಾನು ತಲೆ ತಗ್ಗಿಸಿ "ಅಯ್ಯೋ ಪಾಪ"ಕ್ಕೆ ಕಾದೆ. ಬರಲಿಲ್ಲ. ಬೂದು ಅಂಗಿಯವಳು ಚಪಾತಿ ಮುರಿಯುತ್ತ, "ನಂಗೆ ಸಕ್ಕರೆ ಕಾಯಿಲೆ. ಇಲ್ಲೇ ಕೂತು ಸೂಜಿ ಚುಚ್ಕೊಂಡೇ ಊಟ ಮಾಡೋದು. ಹ್ಞೂ, ತೆಗೀರಿ ಮಾತ್ರೆ" ಎಂದಳು.

ತೆಗೆದೆ. ಎಲ್ಲರ ನಡುವೆ ಕಟಕಟ ಅಗಿದೆ. ಅಕ್ಕ ಪೂರ್ತಿ ನುಂಗುವ ತನಕ ನನ್ನ ಬಾಯನ್ನೇ ನೋಡುತ್ತಿದ್ದಳು. ಆಮೇಲೂ ತನ್ನ ತುತ್ತು ಎತ್ತಿಕೊಳ್ಳಲಿಲ್ಲ. ಅವಳಿಗೆ ಕೋಪವಲ್ಲ, ಹೆದರಿಕೆಯಾಗಿತ್ತು. ಒಂದು ತಿಂಗಳು ಹಾಳುಮಾಡಿದ್ದೇನೆ.

ಫೆಬ್ರವರಿ 10, ಸೋಮವಾರ

ಕಚೇರಿ. ಊಟದ ಮೇಜು. ಮಾತ್ರೆ ಬಾಯಿಗೆ ಹಾಕಿಕೊಂಡೆ. ಆ ಸದ್ದು ಇಡೀ ಕಟ್ಟಡಕ್ಕೆ ಕೇಳಿಸಿತೆಂದು ನನಗನ್ನಿಸಿತು.

"ಏನದು, ಸುಣ್ಣದ, ಹಾಗಿದೆ?" ಅಲ್ಪವಿರಾಮ ಕೇಳಿದ.

"ಸುಣ್ಣವೇ. ನನ್ನ ಕಿಡ್ನಿ ಎರಡೂ ಹೋಗಿವೆ. ಇದು ರಂಜಕ ಹಿಡಿಯೋಕೆ. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗ್ತೀನಿ." ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವನು ತನ್ನ ಬುತ್ತಿಯ ಮುಚ್ಚಳ ಮುಚ್ಚಿದ. ಮುಖ ಸಣ್ಣದಾಯಿತು. "ಹಾಗಾದ್ರೆ, ನೀವು, ಗ್ರಂಥಾಲಯಕ್ಕೆ ಹೋಗ್ತಾ ಇರ್ಲಿಲ್ವಾ? 'ಯ' ಅಕ್ಷರದ, ಆಧಾರಗಳೆಲ್ಲ, ಸಿದ್ಧವಾಗಿವೆ ಅಂತ, ನಾನು ನೆಮ್ಮದಿಯಾಗಿದ್ದೆ!"

ನಕ್ಕು ನಕ್ಕು ಕೆಮ್ಮು ಬಂತು. ಅವನೇ ನೀರು ತಂದುಕೊಟ್ಟ, ಅದರಲ್ಲೂ ನನಗೆ ಎಷ್ಟು ಕುಡಿಯಬಹುದೆಂದು ಕೇಳಿ ಅಳೆದು ತಂದ. ಒಳ್ಳೆಯ ಮನುಷ್ಯ.

ಮಾರ್ಚ್ 3, ಸೋಮವಾರ

ಆರು ಪಾಯಿಂಟ್ ಎರಡು!

ಇನ್ನೂ ಐದೂವರೆಯೊಳಗೆ ಬಂದಿಲ್ಲ. ಏಪ್ರಿಲಿನಲ್ಲೂ ಮೇನಲ್ಲೂ ಬಂದರೆ ಆಪರೇಷನ್ ಮೇ ಕೊನೆಯ ವಾರ. ಒಂದು ತಿಂಗಳು ತಪ್ಪಿದರೂ ಅಕ್ಕನಿಗೆ ಅರವತ್ತು ತುಂಬಿಬಿಡುತ್ತದೆ. ನಾನು ಬಚ್ಚಲಲ್ಲಿ ಹಾಳುಮಾಡಿದ ದಿನಗಳು ಈಗ ಬೇಕಾಗಿದ್ದವು.

ಅಕ್ಕನಿಗೆ ಹೇಳಿದೆ. "ಇಳೀತಾ ಇದೆಯಲ್ಲ, ಇಳೀಲಿ" ಎಂದು ತರಕಾರಿಯ ನೀರು ಬಸಿದಳು. ಅಷ್ಟೇ. ಆಮೇಲೆ ಹಿತ್ತಿಲಲ್ಲಿ ಭಾವನಿಗೆ ಹೇಳುವುದು ಕೇಳಿಸಿತು: "ಆರು ಪಾಯಿಂಟ್ ಎರಡು ರೀ! ಆರು ಪಾಯಿಂಟ್ ಎರಡು!"

ಏಪ್ರಿಲ್ 7, ಸೋಮವಾರ

ಐದು ಪಾಯಿಂಟ್ ಮೂರು.

ತುರಿಕೆ ನಿಂತಿದೆ. ಬರೆಯುವಾಗ ಈಗ ಹೊಳೆಯಿತು, ಎಷ್ಟು ದಿನವಾಯಿತೋ.

ಏಪ್ರಿಲ್ 16, ಬುಧವಾರ

ಸಂಪಾದಕರ ಜೊತೆ ಜಗಳ. ಗೆದ್ದೆ.

'ರಂಜಕ'ದ ಚೀಟಿ ಮುಗಿಸಿ ಅವರ ಮುಂದಿಟ್ಟಿದ್ದೆ. ಅದರಲ್ಲಿ ಎಲ್ಲವೂ ಇತ್ತು: ತುಪಾಕಿಯ ಮದ್ದು, ಗದ್ದೆಗೆ ಹಾಕುವ ಗೊಬ್ಬರ, ಮೂಳೆ, ಬೆಳ್ಳಿಚುಕ್ಕಿ, ಗಾಳಿ ತಾಗಿದರೆ ಸಾಕು ಉರಿಯುವ ಬಿಳಿಯದನ್ನು ಯುದ್ಧದಲ್ಲಿ ಜನರ ಮೇಲೆ ಸುರಿಯುವುದು. ಆ ಕೊನೆಯದನ್ನು ಬರೆಯುವಾಗ ಕೈ ಬರಲಿಲ್ಲ, ಆದರೆ ಪದಕ್ಕೆ ಆ ಅರ್ಥವೂ ಇದೆ, ಬರೆಯಲೇಬೇಕು. ಅವರ ಪೆನ್ಸಿಲು ನಿಂತದ್ದು ಬೆಂಕಿಪೊಟ್ಟಣದ ಅರ್ಥದ ಮೇಲೆ: "ಬೆಂಕಿಪೊಟ್ಟಣದ ಪಕ್ಕಕ್ಕೆ ಬಳಿಯುವ ಕಂದು ಪಟ್ಟಿಯಲ್ಲಿರುವ ಕೆಂಪು ಪುಡಿ; ಕಡ್ಡಿಯ ತಲೆಯಲ್ಲಿ ಇರುವುದಲ್ಲ."

"ಇದಲ್ಲ ಅದಲ್ಲ ಅಂತ ನಿಘಂಟಿನಲ್ಲಿ ಜಗಳ ಆಡಬಾರದಮ್ಮ. ಮತ್ತೆ ಇದೇನು, ಆಧಾರದ ಜಾಗದಲ್ಲಿ 'ಗಡಿಯಮ್ಮ, ಬೆಂಕಿಪೊಟ್ಟಣ ಕಾರ್ಖಾನೆ'? ಆಧಾರಕ್ಕೆ ಪುಸ್ತಕ ಬೇಕು."

"ಪುಸ್ತಕದ ಆಧಾರ ಇಟ್ಕೊಂಡೇ ಹನ್ನೆರಡು ವರ್ಷ ತಪ್ಪು ಅಚ್ಚು ಹಾಕಿದ್ವಿ ಸಾರ್. ಅವಳು ನಲವತ್ತೆರಡು ವರ್ಷ ತಪ್ಪು ಮಾಡಿಲ್ಲ. ಮಾಡಿದ್ರೆ ಯಾರದ್ದಾದ್ರೂ ಬೆರಳು ಹೋಗಿರ್ತಿತ್ತು. ನಮ್ಮ ತಪ್ಪಿಗೆ ಯಾರ ಬೆರಳು ಹೋಯ್ತು?"

ಅಲ್ಪವಿರಾಮ ಒಂದು ಕಡೆಯೂ ನಿಲ್ಲದೆ ಹೇಳಿದ: "ಸಾರ್ ಅವರು ಹೇಳೋದು ಸರಿ."

ಸಂಪಾದಕರು ಕನ್ನಡಕ ಒರೆಸಿಕೊಂಡು ಸಹಿ ಹಾಕಿದರು. "ಈ ಗಡಿಯಮ್ಮ ಯಾರು?" ಎಂದು ಕೇಳಿದರು.

"ನನ್ನಕ್ಕ" ಎಂದೆ.

ಏಪ್ರಿಲ್ 20, ಭಾನುವಾರ

ಭಾವ ಅಂಗಡಿಯಲ್ಲಿ ಒಬ್ಬರೇ ಇದ್ದರು, ಬುತ್ತಿ ಕೊಡಲು ಹೋಗಿದ್ದೆ. ಆಸ್ಪತ್ರೆಗೆಂದು ಎರಡು ಸಡಿಲ ಅಂಗಿ ಹೊಲಿಯುತ್ತಿದ್ದರು, ಗುಂಡಿ ಮುಂದೆ ಬರುವ ಹಾಗೆ. ಒಂದು ನನಗೆ, ಒಂದು ಅಕ್ಕನಿಗೆ. ಅಳತೆ ಕೇಳಬೇಕಾಗಿರಲಿಲ್ಲ.

"ಭಾವ, ನಿಮಗೆ ನನ್ನ ಮೇಲೆ ಬೇಜಾರಿದೆಯಾ?"

ಯಂತ್ರ ನಿಲ್ಲಿಸಿದರು. "ಬೇಜಾರಿಲ್ಲಮ್ಮ. ಭಯ ಇದೆ. ಇಬ್ಬರನ್ನೂ ಒಂದೇ ದಿನ ಒಳಗೆ ಕಳಿಸ್ಬೇಕಲ್ಲ. ಅವಳಿಗೆ ಹೇಳಿದ್ರೆ 'ನೀವು ಎರಡು ಬಾಗಿಲಿಗೂ ನಡುವೆ ನಿಂತ್ಕೊಳ್ಳಿ' ಅಂತಾಳೆ." ನಗಲು ಹೋದರು, ಆಗಲಿಲ್ಲ. ಸೂಜಿಗೆ ದಾರ ಹಾಕಲು ಕಣ್ಣು ಕಾಣದೆ ನನ್ನ ಕೈಗೆ ಕೊಟ್ಟರು. ಹಾಕಿಕೊಟ್ಟೆ.

ಅಪ್ಪ ಅಮ್ಮ ಹೋದಮೇಲೆ ಇಂಥ ಇಬ್ಬರ ನಡುವೆ ನಾನು ಬೆಳೆದಿದ್ದೇನೆ. ಇವರ ಮನೆಯಲ್ಲಿ ಇದ್ದುಕೊಂಡು ನನಗೆ ಯಾರೂ ಇಲ್ಲ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ಮೇ 5, ಸೋಮವಾರ

ಐದು ಪಾಯಿಂಟ್ ಒಂದು. ಡಾಕ್ಟರು ದಿನಾಂಕ ಬರೆದರು. ಇಪ್ಪತ್ತೆರಡು, ಗುರುವಾರ.

ಪಥ್ಯದ ಹುಡುಗಿ ನನ್ನ ಕೈ ಕುಲುಕಿದಳು. ನಾನು ಅವಳ ಕೈಯನ್ನು ಅಕ್ಕನ ಕಡೆಗೆ ತಿರುಗಿಸಿದೆ.

ಮೇ 21, ಬುಧವಾರ

ಆಸ್ಪತ್ರೆ. ಪಕ್ಕದ ಹಾಸಿಗೆಯಲ್ಲಿ ಅಕ್ಕ. ಸಂಜೆಯೆಲ್ಲ ನರ್ಸುಗಳ ಕೈಗವಸಿನ ಮೇಲೇ ಕಣ್ಣಿಟ್ಟಿದ್ದಳು, ಯಾರು ಯಾವ ಹಾಸಿಗೆ ಮುಟ್ಟಿ ಯಾವ ಹಾಸಿಗೆಗೆ ಬರುತ್ತಾರೆ ಎಂದು. ಒಬ್ಬಳನ್ನು ವಾಪಸ್ಸು ಕೈ ತೊಳೆಯಲು ಕಳಿಸಿಯೂ ಆಯಿತು.

"ಅಕ್ಕ, ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ" ಎಂದಳು. "ಆದ್ರೆ ಕೊಡಲ್ಲ ಅನ್ನೋಷ್ಟು ಅಲ್ಲ. ಮಲಕ್ಕೋ."

ಮೇ 25, ಭಾನುವಾರ

ಹೆಚ್ಚು ಬರೆಯಲಾರೆ. ಇಬ್ಬರೂ ಇದ್ದೇವೆ. ಮೂತ್ರ ಬರುತ್ತಿದೆ. ಚೀಲ ತುಂಬುವುದನ್ನು ನೋಡುತ್ತ ಮಲಗಿದ್ದೇನೆ.

ಮೇ 27, ಮಂಗಳವಾರ

ಬೆಳಗ್ಗೆ ಡಾಕ್ಟರು ವರದಿ ಹಿಡಿದುಕೊಂಡು ಬಂದರು. ಹುಬ್ಬು ಮೇಲೇರಿತ್ತು.

"ನಿಮ್ಮ ರಂಜಕ ಒಂದು ಪಾಯಿಂಟ್ ಆರು."

"ಐದೂವರೆಯೊಳಗೆ ಇದೆಯಲ್ಲ ಡಾಕ್ಟ್ರೇ?"

"ತೀರಾ ಒಳಗೆ. ಕಡಿಮೆಯಾಗೋಯ್ತು. ಗಾಬರಿ ಬೇಡ, ಮೊದಮೊದಲು ಹೀಗಾಗೋದುಂಟು. ಹೊಸ ಕಿಡ್ನಿ ಸಿಕ್ಕಿದ್ದನ್ನೆಲ್ಲ ಹೊರಗೆ ಹಾಕ್ತಾ ಇದೆ. ನಿಧಾನ ಅನ್ನೋದೇ ಗೊತ್ತಿಲ್ಲ ಅದಕ್ಕೆ. ಇವತ್ತಿಂದ ಹಾಲು ಕುಡೀರಿ, ಮೊಟ್ಟೆ ತಿನ್ನಿ, ಕಡಲೆಕಾಯಿ ತಿನ್ನಿ. ನೀವು ರಂಜಕ ತಿನ್ಲೇಬೇಕು."

ಎರಡು ವರ್ಷ ವೈರಿಯಾಗಿದ್ದದ್ದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಹೊಲಿಗೆ ನೋವಿಗೆ ಎರಡನ್ನೂ ಮಾಡುವ ಹಾಗಿರಲಿಲ್ಲ.

ಹನ್ನೊಂದು ಗಂಟೆಗೆ ಅಕ್ಕ ಬಂದಳು. ಅವಳನ್ನು ಇವತ್ತು ಮನೆಗೆ ಕಳಿಸುತ್ತಾರೆ. ಒಂದು ಕೈ ಭಾವನ ಭುಜದ ಮೇಲೆ, ಒಂದು ಕೈ ಪಕ್ಕೆಯ ಮೇಲೆ, ಒಂದೊಂದೇ ಹೆಜ್ಜೆ. ನನ್ನ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ಗಾಜಿನಾಚೆ ನಿಂತು ಮಾತಾಡುವ ಫೋನು ಎತ್ತಿಕೊಂಡಳು. ಬಣ್ಣ ಕಂದಿತ್ತು. ತುಟಿ ಒಣಗಿತ್ತು. ಇಷ್ಟು ಚೆಲುವೆಯನ್ನು ನಾನು ಕಂಡಿಲ್ಲ.

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. "ನಿನ್ನ ಕಿಡ್ನಿಗೆ ಸ್ವಲ್ಪ ಬುದ್ಧಿ ಹೇಳಕ್ಕ, ಇರೋದನ್ನೆಲ್ಲ ಗುಡಿಸಿ ಹಾಕ್ತಾ ಇದೆ" ಎಂದೆ.

ಅಕ್ಕ ನಗಲಿಲ್ಲ. ಗಾಜಿನ ಮೂಲಕ ನನ್ನ ಹೊಟ್ಟೆಯ ಕಡೆಯೇ ನೋಡಿದಳು.

"ಬೈಬೇಡ ಕಣೇ ಅದನ್ನ. ಹೊಸ ಜಾಗ ಅಲ್ವಾ, ಸರಿಯಾಗಿ ಕೆಲಸ ಮಾಡದಿದ್ರೆ ವಾಪಸ್ ಕಳಿಸಿಬಿಡ್ತಾರೇನೋ ಅಂತ ಹೆದರ್ಕೊಂಡಿರುತ್ತೆ. ನಾನೂ ಹದಿನೇಳಕ್ಕೆ ಕೆಲಸಕ್ಕೆ ಸೇರಿದಾಗ ಹಾಗೇ ಮಾಡ್ದೆ. ಮೊದಲ ದಿನ ಊಟಕ್ಕೂ ಏಳಲಿಲ್ಲ. ಮನೇಲಿ ನೀನಿದ್ಯಲ್ಲ, ಎರಡು ವರ್ಷದೋಳು."

ನಾನು ಹೊಲಿಗೆಯ ಮೇಲೆ ಮೆಲ್ಲಗೆ ಕೈಯಿಟ್ಟೆ. "ಬೈಯಲ್ಲ ಅಕ್ಕ" ಎಂದೆ.